ಮಾತಿನ ಪಥ್ಯ

ಜಯನಗರದ ಶಾಮಣ್ಣ ಮೇಷ್ಟ್ರು ನಿವೃತ್ತರಾಗುವ ತನಕ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿದವರು, ಆ ತನಕವೂ ಒಂದೇ ಜಗಳ ಆಡಿದವರು. ಈಗಷ್ಟೇ ಕೇಳಿದ ಮಾತು ತಲೆಯಿಂದ ಹೇಗೆ ಹೋಗುತ್ತದೆ? ಹೊತ್ತು ಕಳೆದಂತೆ ತಾನಾಗಿ ಆರಿಹೋಗುತ್ತದೆ ಎನ್ನುತ್ತಿದ್ದರು ಸಹೋದ್ಯೋಗಿ ನಾರಾಯಣಮ್ಮ. ಅಲ್ಲವೇ ಅಲ್ಲ, ಹಿಂದೆಯೇ ಬಂದ ಹೊಸ ಮಾತು ಅದನ್ನು ಆಚೆ ತಳ್ಳುತ್ತದೆ ಎಂದು ಇವರು ಮೇಜು ಗುದ್ದುತ್ತಿದ್ದರು. ಲೋಕದ ವಿಜ್ಞಾನಿಗಳೇ ಇನ್ನೂ ಕಿತ್ತಾಡುತ್ತಿರುವ ವಿಷಯ, ಮೇಷ್ಟ್ರ ಮಟ್ಟಿಗೆ ಎಂದೋ ಇತ್ಯರ್ಥವಾಗಿತ್ತು. ಅಷ್ಟಾವಧಾನಗಳಲ್ಲಿ ಅವಧಾನಿಯ ಗಮನ ಕೆಡಿಸಲು ಹರಟೆ ಹಾಕುವ ಕೆಲಸ ಕೇಳಿ ಪಡೆಯುತ್ತಿದ್ದರು. ಅವಧಾನಿ ತಡವರಿಸಿದರೆ ಸಾಕು, ಸಭೆಯಲ್ಲಿದ್ದ ನಾರಾಯಣಮ್ಮನ ಕಡೆ ನೋಡಿ ಮೀಸೆ ತಿರುವುವರು.

ಹೆಂಡತಿ ಸರಸ್ವತಿಗೆ ಮರೆವು ಶುರುವಾಯಿತು. ಒಲೆ ಹಚ್ಚಿದ್ದು, ಕಾಫಿ ಕುಡಿದದ್ದು, ಯಾವುದೂ ತಲೆಯಲ್ಲಿ ನಿಲ್ಲದು. "ನಾಲ್ಕು ಜನರ ಜೊತೆ ಮಾತಾಡ್ಕೊಂಡಿರ್ಲಿ ಸಾರ್," ಎಂದರು ಡಾಕ್ಟರು. ಮೇಷ್ಟ್ರು ಕೇಳಬೇಕಲ್ಲ! ಮಾತ್ರೆ ಬರೆಯುವವನಿಗೆ ಶಾಸ್ತ್ರವೇನು ಗೊತ್ತು ಎಂದು ಮೂಗು ಮುರಿದರು. ಹೊಸ ಮಾತೇ ಒಳಗೆ ಬರದಿದ್ದರೆ ಇದ್ದದ್ದು ಉಳಿಯಲೇಬೇಕಂತೆ. ಟಿವಿ ನಿಂತಿತು. ಮನೆಗೆಲಸದವಳ ಬಾಯಿಗೆ ಬೀಗ ಬಿತ್ತು. ಶುಕ್ರವಾರಕ್ಕೊಮ್ಮೆ ಉತ್ತರಹಳ್ಳಿಯಿಂದ ಮಲ್ಲಿಗೆ ಹಿಡಿದು ಬರುತ್ತಿದ್ದ ಸರಸ್ವತಿಯ ತಂಗಿ ಅಂಬುಜ ಗೇಟಿನಿಂದಲೇ ವಾಪಸ್ಸು.

"ಭಾವ, ಅಕ್ಕನ್ನ ಒಂದ್ಸಲ ನೋಡ್ಕೊಂಡು ಹೋಗ್ತೀನಿ."

"ನಿನ್ನ ಹರಟೆ ಅವಳಿಗೆ ವಿಷ ಕಣಮ್ಮ. ಹೋಗು."

ಬೆಳಿಗ್ಗೆ ಹೆಂಡತಿಗೆ ಮೂರು ಪದ ಹೇಳುವರು: ಹುಣಸೆ, ಛತ್ರಿ, ಬಸ್ಸು. ಆಮೇಲೆ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ಆಕೆ ಗೋಡೆ ನೋಡುತ್ತ ಕೂರಬೇಕು. ಸ್ವಲ್ಪ ಹೊತ್ತಿಗೆ ಕೇಳಿದರೆ, "ಏನು ಹೇಳಿದ್ರಿ? ಯಾವಾಗ?" ಬೀದಿಯ ಕೂಗೇ ಪದಗಳನ್ನು ಆಚೆ ತಳ್ಳಿತೆಂದು ಮೇಷ್ಟ್ರು ತರಕಾರಿ ಗಾಡಿಯವನನ್ನು ಬೈದು ಕಿಟಕಿ ಮುಚ್ಚಿಸಿದರು. ಮರುದಿನವೂ ಅದೇ ಕತೆ. "ಯಾರಾದ್ರೂ ಮಾತಾಡ್ಸ್ರೀ ನನ್ನ," ಎಂದು ಆಕೆ ಅತ್ತರೆ ಈ ಮಹಾನುಭಾವ ತುಟಿಗೆ ಬೆರಳಿಟ್ಟು ಗದರಿದರು.

ಸುದ್ದಿ ತಿಳಿದು ನಾರಾಯಣಮ್ಮ ಫೋನ್ ಮಾಡಿದರು. "ಅಲ್ರೀ ಶಾಮಣ್ಣ, ನಮ್ಮ ಜಗಳ ಸ್ಟಾಫ್ ರೂಮಿಂದು. ಅದನ್ನ ಸರಸ್ವತಿ ಮೇಲೆ ಯಾಕ್ರೀ ತೀರಿಸ್ಕೋತೀರಾ? ನೀವೇ ಗೆದ್ರಿ ಅಂತ ಇಟ್ಕೊಳ್ಳಿ, ಅವರಿಗೆ ಜನ ಬೇಕು." ಮೇಷ್ಟ್ರು ಫೋನ್ ಕುಕ್ಕಿದರು.

ಬರುಬರುತ್ತ ಸರಸ್ವತಿ ಅಳುವುದನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು. ಆಗ ಮೇಷ್ಟ್ರು ಹೆದರಿ ತಾವೇ ಅಂಬುಜಳಿಗೆ ಫೋನ್ ಮಾಡಿ "ಬಾಮ್ಮ" ಎಂದು ಬೇಡಿಕೊಂಡರು. ಆಕೆ ಓಡೋಡಿ ಬಂದು ಅಕ್ಕನಿಗೆ ಹೂ ಮುಡಿಸಿ, ಕೈ ಹಿಡಿದುಕೊಂಡು, "ಅಕ್ಕಾ, ನಾನು ಅಂಬು ಕಣೇ," ಎಂದಳು.

ಸರಸ್ವತಿ ಹೂವನ್ನು ಮುಟ್ಟಿ ನೋಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಗಂಡ ಕಣ್ಣಿಗೆ ಬಿದ್ದದ್ದೇ ತಡ, ಗಾಬರಿಯಿಂದ ಕೈ ಬಿಡಿಸಿಕೊಂಡಳು.

"ಯಾರಮ್ಮ ನೀವು? ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದಳು. "ಮಾತಾಡ್ಬೇಡಿ ಮಾತ್ರ. ನಮ್ಮನೆಯವರು ಬೈತಾರೆ."