ಗಾಳಿ ಇಲ್ಲದ ಪೇಟಿ

ಮೊನ್ನೆ ಸೊಂಟದ ನೋವಿಗೆ ಸ್ಕ್ಯಾನಿಂಗ್ ಮಾಡಿಸಲು ದಾವಣಗೆರೆಗೆ ಹೋಗಿದ್ದೆ. ಸುರಂಗದಂಥ ಯಂತ್ರದೊಳಗೆ ನನ್ನನ್ನು ಮಲಗಿಸಿ ಬಾಗಿಲು ಹಾಕಿಕೊಂಡರು. ಮೊದಲು ಟಕಟಕ ಎಂದದ್ದು, ಆಮೇಲೆ ನೆಲದಡಿಯಿಂದ ಎದ್ದಂಥ ಒಂದು ಗುಂಯ್‌ಗುಡುವ ನಾದವಾಗಿ ನಿಂತಿತು. ಹೆದರಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. 'ಅಲುಗಾಡಬ್ಯಾಡ್ರಿ ಅಮ್ಮಾ, ಫೋಟೋ ಕೆಡ್ತಾವ' ಎಂದು ಸ್ಪೀಕರಿನೊಳಗಿಂದ ಒಬ್ಬ ಹುಡುಗಿ ಗದರಿದಳು. ತೊಂಬತ್ತರ ದಶಕದ ಭಾನುವಾರಗಳಲ್ಲಿ ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಇದೇ ಸದ್ದು ಟಿ.ವಿ.ಯಿಂದ ಬರುತ್ತಿತ್ತೆಂದು, ಅದರ ಮುಂದೆ ವಿಭೂತಿ ಹಚ್ಚಿಕೊಂಡು ನನ್ನ ಅಪ್ಪ ಕೂರುತ್ತಿದ್ದನೆಂದು ಆ ಮಗುವಿಗೆ ಹೇಗೆ ಹೇಳಲಿ?

ಅಪ್ಪ ಊರಿಗೆಲ್ಲ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಇಟ್ಟಿಗಿಯ ಬಯಲಾಟಕ್ಕೂ ಅವನೇ ಬೇಕು, ಚಿಗಟೇರಿಯ ಮದುವೆಗೂ ಅವನೇ ಬೇಕು, ಸೋಮವಾರ ಸಂಜೆಯ ಭಜನೆಯಂತೂ ಅವನಿಲ್ಲದೆ ಶುರುವೇ ಆಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅವನ ಎದುರು ಕುಳಿತು ಪೇಟಿಗೆ ಗಾಳಿ ಹಾಕುತ್ತಿದ್ದೆ. ಹಳೆಯ ಮರ, ಹಿತ್ತಾಳೆ, ಅವನ ಎಲೆಯಡಿಕೆ ಸೇರಿದ ಒಂದು ಬಿಸಿ ಉಸಿರು ಅದರೊಳಗಿಂದ ನನ್ನ ಮುಖಕ್ಕೆ ಬಡಿಯುತ್ತಿತ್ತು. ಮುಂದೆ ನನ್ನನ್ನು ಬಳ್ಳಾರಿಯ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರ್ ಒಬ್ಬರು ಪಿಯಾನೋ ಕಲಿಸಿದರು, ಕಿವಿ ತಿದ್ದಿದರು. ಗಂಡನ ಕೆಲಸ ಊರೂರಿಗೆ ವರ್ಗವಾಗುವಂಥದ್ದು. ನಾನು ಹರಪನಹಳ್ಳಿಯ ಶಾಲೆಯಲ್ಲಿ ಟೀಚರ್. ಹಾಗಾಗಿ ನಾನೂ ನನ್ನ ಮಗಳು ಶೈಲಾಳೂ ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅಪ್ಪನ ಮನೆಯಲ್ಲೇ ಇದ್ದೆವು. ಅವಳ ಬಾಲ್ಯ ಯಾವುದು, ನನ್ನ ಬಾಲ್ಯ ಯಾವುದು, ಈಗ ನೆನಪಿನಲ್ಲಿ ಬೇರೆ ಮಾಡಲಿಕ್ಕೆ ಬರುವುದಿಲ್ಲ.

ಟಿ.ವಿ. ಎಂದರೆ ಅಪ್ಪನಿಗೆ ತಾತ್ಸಾರ. ಪುರಾಣದ ಸೀರಿಯಲ್ ಶುರುವಾದರೆ ಎದ್ದು ಹಿತ್ತಲಿಗೆ ಹೋಗುವವನು, ಒಂದು ಬೇಸಿಗೆ ಹಿಂದಿಯಲ್ಲಿ ಬರುತ್ತಿದ್ದ ಒಂದು ಸೈನ್ಸ್ ಫಿಕ್ಷನ್ ಸೀರಿಯಲ್ಲಿಗೆ ಮಾತ್ರ ಸ್ನಾನ ಮಾಡಿ ಬಂದು ಚಾಪೆಯ ಮೇಲೆ ಕೂರತೊಡಗಿದ. ಹಿಂದಿ ಅವನಿಗೆ ಬಾರದು. 'ದೇವರು ಬಂದ್ರ ಎದ್ದು ಹೋಕ್ಕಾರ, ತಗಡಿನ ಗೊಂಬಿ ಬಂದ್ರ ಕೈ ಮುಗೀತಾರ' ಎಂದು ಅವ್ವ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು. ಕತೆ ಅವನಿಗೆ ಬೇಕಿರಲಿಲ್ಲ. ಆಕಾಶನೌಕೆ ಕತ್ತಲಲ್ಲಿ ತೇಲಿ ಬರುವಾಗ ಒಂದೇ ಸ್ವರ, ಕಂಬಳಿಯಷ್ಟು ದಪ್ಪನೆಯದು, ಎಲ್ಲಿ ಹುಟ್ಟಿತು ಎಲ್ಲಿ ಮುಗಿಯಿತು ತಿಳಿಯದ ಹಾಗೆ ಹಾಸಿಕೊಳ್ಳುತ್ತಿತ್ತಲ್ಲ, ಅದನ್ನು ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

'ಯಾವ ವಾದ್ಯನವ್ವಾ ಇದು?'

'ಸಿಂಥಸೈಸರ್ ಅಪ್ಪಾ. ಎಲೆಕ್ಟ್ರಿಕ್. ಒಬ್ಬನ ಕುಂತು ಇಡೀ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ನುಡಸ್ತಾನ.'

'ಗಾಳಿ ಯಾರು ಹಾಕ್ತಾರ?'

'ಗಾಳಿನ ಬೇಕಿಲ್ಲ.'

'ಗಾಳಿ ಇಲ್ಲದ ಪೇಟಿ. ಸರಿ ಐತಿ ಬಿಡು. ಅಲ್ಲಿ ಆಕಾಶದಾಗೂ ಗಾಳಿ ಇಲ್ಲಂತಲ್ಲ.'

ಅದೇ ಬೇಸಿಗೆಯಲ್ಲಿ ಅಪ್ಪ ಪೇಟಿಯನ್ನು ಬಿಚ್ಚತೊಡಗಿದ. ಮೇಲಿನ ಸಪ್ತಕ ಸತ್ತಿದೆ, ಧೂಳು ಹಿಡಿದಿದೆ ಎನ್ನುತ್ತಿದ್ದ. ಪೇಟಿಯೊಳಗೆ ಸ್ವರಕ್ಕೊಂದರಂತೆ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ, ರೀಡು ಎನ್ನುತ್ತಾರೆ. ಕಾನಸು, ಅಂದರೆ ಸಣ್ಣ ಅರ, ಹಿಡಿದು ಅವನ್ನು ಒಂದೊಂದಾಗಿ ಉಜ್ಜುತ್ತಿದ್ದ. ನುಡಿಸಿ ನೋಡಿ, ತಲೆಯಾಡಿಸಿ, ಮತ್ತೆ ಉಜ್ಜುತ್ತಿದ್ದ. ಸೋಮವಾರದ ಭಜನೆಯಲ್ಲಿ ಆ ಸ್ವರಗಳು ಸೂಜಿಯ ಹಾಗೆ ಚುಚ್ಚಿದವು. ಹಾಡುತ್ತಿದ್ದ ಕೊಟ್ರಪ್ಪ ಕಾಕಾ, ಅಪ್ಪನ ಹಳೆಯ ಜೊತೆಗಾರ, ನಡುವೆಯೇ ನಿಲ್ಲಿಸಿ ಕೆಮ್ಮಿ, 'ಗಂಟಲು ಕೆಟ್ಟೈತ್ರಿ ಮಾಸ್ತರ' ಎಂದ. ನಮ್ಮ ಭಜನೆಯಲ್ಲಿ ಪೇಟಿಗೆ ತಪ್ಪು ಹೇಳುವ ರೂಢಿ ಇಲ್ಲ. ಶ್ರುತಿ ಎಲ್ಲೇ ಜಾರಲಿ, ಹಾಡುವವನು ತನ್ನ ಗಂಟಲ ಮೇಲೆ ಹಾಕಿಕೊಳ್ಳಬೇಕು. ವಾರವಾರವೂ ಕಾಕಾ ಹಾಗೇ ಹಾಕಿಕೊಂಡ. ಅವ್ವ ಮೆಣಸು ಶುಂಠಿ ಕುದಿಸಿದ ಕಷಾಯವನ್ನು ಕಳಿಸಿದಳು, ಅದನ್ನೂ ಮುಖ ಹಿಂಡದೆ ಕುಡಿದ. ಅಪ್ಪನಿಗೆ ವಯಸ್ಸಾಗಿ ಕೈ ಕೆಟ್ಟಿತೆಂದು ನಾನು ಅಂದುಕೊಂಡೆ. ಮಕ್ಕಳ ಸ್ಪೆಲ್ಲಿಂಗ್ ತಪ್ಪಿಗೆ ಕೆಂಪು ಗೆರೆ ಎಳೆಯುವವಳು ಅಪ್ಪನ ಸ್ವರದ ಬಗ್ಗೆ ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಸೀರಿಯಲ್ಲಿನಲ್ಲಿ ನೌಕೆ ಯಾವುದೋ ಗ್ರಹದ ಮೇಲೆ ಇಳಿಯಿತು. ದಪ್ಪ ಸ್ವರ ನಿಂತು, ಅದರ ಜಾಗದಲ್ಲಿ ಕೂದಲೆಳೆಯಂಥ ಒಂದು ನಾದ ಎತ್ತರದಲ್ಲಿ ನಡುಗತೊಡಗಿತು. ಶೈಲಾ ಹೆದರಿ ಅಜ್ಜನ ತೋಳು ಹಿಡಿದುಕೊಂಡಳು.

'ಮ್ಯೂಸಿಕ್ ಯಾಕ ನಿಲ್ಲಿಸಿದ್ರು?' ಎಂದ ಅಪ್ಪ.

'ನಿಲ್ಲಿಸಿಲ್ಲಲ್ಲ ಅಜ್ಜಾ. ಎಷ್ಟು ಜೋರ ಬರಾಕತ್ತೈತಿ.'

ಅಪ್ಪ ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ. ನಾನು ತಲೆ ತಗ್ಗಿಸಿದೆ. ಅವನು ಎದ್ದು ಹೋಗಿ ಪೇಟಿಯ ಹಸಿರು ಬಟ್ಟೆ ತೆಗೆದು, ಮೇಲಿನ ಷಡ್ಜ ಒತ್ತಿದ. 'ಇದು ನುಡೀತೈತೇನವ್ವಾ?'

'ನುಡೀತೈತಿ ಅಜ್ಜಾ. ಆದ್ರ ಅಳ್ತೈತಿ.'

'ಇದು?'

'ಅದೂ ಅಳ್ತೈತಿ.'

ಕೊನೆಯ ಸ್ವರದವರೆಗೂ ಕೇಳಿದ. ಟಿ.ವಿ. ತನ್ನಷ್ಟಕ್ಕೆ ನಡೆದೇ ಇತ್ತು. ಪೇಟಿ ಸತ್ತಿರಲಿಲ್ಲ, ಎತ್ತರದ ಸ್ವರಗಳಿಗೆ ಸತ್ತದ್ದು ಅವನ ಕಿವಿ. ಆ ಕಿವಿಯನ್ನು ನಂಬಿ ಐವತ್ತು ವರ್ಷದ ಪೇಟಿಯನ್ನು ತಾನೇ ಉಜ್ಜಿ ಕೆಡಿಸಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಹಿಯರಿಂಗ್ ಏಡ್ ಹಾಕಿಸೋಣ ಎಂದು ನಾನು ಶುರುಮಾಡಿದ್ದಕ್ಕೆ, 'ಆಮ್ಯಾಲ ನೋಡೂಣಂತ' ಎಂದು ಬಟ್ಟೆ ಹೊದಿಸಿದ. ಮರುದಿನ ಭಜನೆಗೆ ಹೋಗುವುದಿಲ್ಲವೆಂದೇ ನಾವೆಲ್ಲ ತಿಳಿದೆವು. ಅವ್ವ ಅನ್ನಕ್ಕೆ ಕರೆಯಲಿಕ್ಕೂ ಅಂಜಿದಳು.

ಹೋದ. ಎಲ್ಲರೂ ಕೂತ ಮೇಲೆ ಹೇಳಿದ: 'ಕೊಟ್ರಪ್ಪಾ, ಕಷಾಯ ಸಾಕು ಮಾಡೋ. ನಿನ್ನ ಗಂಟಲಿಗೇನೂ ಆಗಿಲ್ಲ.'

ಕಾಕಾ ತಾಳದ ದಾರ ಸುತ್ತುತ್ತ, 'ಕಷಾಯ ಚಲೋನ ಇತ್ತು ಬಿಡ್ರಿ' ಎಂದ.

ಆಮೇಲೆ ಅಪ್ಪ ಕೆಳಗಿನ ಎರಡೇ ಸ್ವರ ಒತ್ತಿ ಹಿಡಿದು, ನಿಧಾನವಾಗಿ, ಬಹಳ ನಿಧಾನವಾಗಿ ಗಾಳಿ ಹಾಕತೊಡಗಿದ. ಮೊದಲೆಲ್ಲ ಹಾಡಿನ ಹಿಂದೆ ಓಡುತ್ತಿದ್ದ ಆ ಬೆರಳುಗಳು ಕದಲಲಿಲ್ಲ. ನಾದ ಹಾಸಿಕೊಂಡಿತು, ಭಾನುವಾರದ್ದೇ ನಾದ. 'ಮಾಸ್ತರ, ವಿಮಾನ ಇಳಿಸಾಕತ್ತೀರೇನ್ರಿ?' ಎಂದು ಕಾಕಾ ಕೇಳಿದ. 'ಹ್ಞೂಂ, ನೀ ಹತ್ತು' ಎಂದ ಅಪ್ಪ. ಕಾಕಾ ತನ್ನ ಎತ್ತರದ ದನಿಯನ್ನು ಅಷ್ಟಕ್ಕೇ ಬಿಟ್ಟು ತಗ್ಗಿನಲ್ಲಿ ಎತ್ತಿಕೊಂಡ, ಉಳಿದವರು ಅವನ ಹಿಂದೆ ಇಳಿದರು.

ಆರು ವರ್ಷ ಆ ಭಜನೆ ಹಾಗೆ ತಗ್ಗಿನಲ್ಲೇ ನಡೆಯಿತು. ಸೀರಿಯಲ್ ಯಾವಾಗಲೋ ಮುಗಿದಿತ್ತು. ಅಪ್ಪ ಹೋದ, ಮರುವರ್ಷ ಅವ್ವ. ಪಡಸಾಲೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿಯ ಗಾಜು ಹೊಳೆಯುತ್ತದೆ. ಅಪ್ಪ ತೀರಿದ ಮೊದಲ ಸೋಮವಾರ ನಾನೂ ಶೈಲಾಳೂ ಭಜನೆಗೆ ಹೋಗಿದ್ದೆವು. ಕೂಡ್ಲಿಗಿಯಿಂದ ಕರೆಸಿದ ಹೊಸ ಪೇಟಿಯವರು ಎತ್ತರದ ಶ್ರುತಿ ಕೊಟ್ಟು ಕಾಕಾನ ಕಡೆ ನೋಡಿದರು. ಕಾಕಾನಿಗೆ ಆ ಎತ್ತರ ಆಗಲೂ ಸಲೀಸಾಗಿ ಸಿಗುತ್ತಿತ್ತು. ಅವನು ಬೆರಳು ತೋರಿಸಿ ಕೆಳಗೆ ಎಂದ, ಇನ್ನೂ ಕೆಳಗೆ ಎಂದ. 'ಗಂಟಲು ಕೆಟ್ಟೈತ್ರಿ' ಎಂದ.