ಟಾರ್ ರಸ್ತೆಯ ಮೇಲೆ ಮೆಕ್ಕೆಜೋಳ

"ಶೈಲಾ, ಏಳೇ... ಏಳೇ ಮಾರಾಯ್ತಿ!"

ನಡುರಸ್ತೆಯಲ್ಲಿ ಮಂಡಿಯೂರಿ ಹೆಂಡತಿಯ ಕೆನ್ನೆ ತಟ್ಟುತ್ತಿದ್ದೆ. ಅವಳು ಕಣ್ಣು ತೆರೆಯಲಿಲ್ಲ. ತಲೆಯಿಂದ ಒಂದು ಗೇಣು ದೂರದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು. ಸತ್ತೇ ಹೋದಳಾ?

ಹೇಗಾಯ್ತು ಹೇಳ್ತೀನಿ. ಆರು ದಿನದ ಬೈಕ್ ಟ್ರಿಪ್. ಕೊಟ್ಟೂರಿನಿಂದ ಗೋವಾ, ವಾಪಸ್. ಘಾಟಿಯ ತಿರುವು, ಮೈಮೇಲೆ ನುಗ್ಗುವ ಲಾರಿ (ಆ ಡ್ರೈವರಿಗೆ ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ), ಎಲ್ಲ ದಾಟಿ ಬಂದಿದ್ದೆವು. ಮೈಗೆ ಒಂದು ಗೀರಿಲ್ಲ. ಹಡಗಲಿಯಲ್ಲಿ ಚಹಾ ಕುಡಿದ ಮೇಲೆ ಶೈಲಾ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಳು.

"ಇನ್ನೇನ್ ಮನಿ ಬಂತಲ್ರಿ. ತಲಿ ಬೆವತು ಸಾಕಾಗೈತಿ."

ಹೂಂ ಅಂದೆ. ನಮ್ಮ ಸೀಮೆ, ನಮ್ಮ ರಸ್ತೆ. ಇಲ್ಲೇನಾದೀತು?

ಅರ್ಧ ಗಂಟೆಯೂ ಆಗಿರಲಿಲ್ಲ. ಅರ್ಧ ರಸ್ತೆಗೆ ಮೆಕ್ಕೆಜೋಳದ ಕಾಳು ಒಣಹಾಕಿದ್ದರು. ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲಿನ ಸಾಲು. ಸುಗ್ಗಿ ಬಂದರೆ ನಮ್ಮ ಕಡೆ ಟಾರ್ ರಸ್ತೆಯೇ ಕಣ, ನಿಮಗೆ ಗೊತ್ತಿರೋದೇ. ಎದುರಿಗೆ ಬಸ್ ಬಂತು, ಬದಿಗೆ ಸರಿದೆ. ಚೆಲ್ಲಿದ್ದ ಕಾಳಿನ ಮೇಲೆ ಮುಂದಿನ ಚಕ್ರ ಜಾರಿತು. ಅಷ್ಟೇ.

ಕಾಳು ಕೆದರುತ್ತಿದ್ದ ಅಜ್ಜಿ ಓಡಿ ಬಂದು ಶೈಲಾಳ ಮುಖಕ್ಕೆ ನೀರು ಚಿಮುಕಿಸಿದಳು.

"ಉಸುರು ಐತಪ್ಪಾ, ಅಂಜಬ್ಯಾಡ."

ಅಂಜದೆ ಇರೋದು ಹೇಗೆ? ಆ ಒಂದು ನಿಮಿಷ ನನ್ನ ಜೀವ ನನ್ನಲ್ಲಿರಲಿಲ್ಲ. ಕೊನೆಗೂ ಶೈಲಾ ಕಣ್ಣು ಬಿಟ್ಟಳು. "ಬೈಕಿಗೇನೂ ಆಗಿಲ್ಲಲ್ರಿ?" ಅಂದಳು. ನಾನು ಅತ್ತುಬಿಟ್ಟೆ. (ಹೌದು, ಬಸ್ಸಿನಿಂದಿಳಿದು ನೆರೆದಿದ್ದ ಅಷ್ಟು ಜನರ ಮುಂದೆಯೇ.)

ಅಳು ನಿಂತದ್ದೇ ಸಿಟ್ಟು ಬಂತು. "ರಸ್ತೆ ನಿಮ್ಮಪ್ಪಂದೇನು?" ಅಂತ ಅಜ್ಜಿಯ ಮೇಲೆ ಹರಿಹಾಯಲು ಬಾಯಿ ತೆರೆದೆ. ಆಗಲೇ ನೆನಪಾಯಿತು. ಹರಪನಹಳ್ಳಿ ರಸ್ತೆಯಲ್ಲಿ, ನಮ್ಮ ಹೊಲದ ಮುಂದೆ, ನಮ್ಮದೂ ಒಣಗುತ್ತಿತ್ತು. ಟ್ರಿಪ್ ಹೊರಡುವ ಬೆಳಿಗ್ಗೆ ಅದರ ಸುತ್ತ ಕಲ್ಲಿಟ್ಟವನು ನಾನೇ. ದಪ್ಪ ದಪ್ಪನೆಯವನ್ನೇ ಆರಿಸಿ.

ಯಾರದೋ ಕಾರಿನಲ್ಲಿ ಕೊಟ್ಟೂರಿನ ಆಸ್ಪತ್ರೆಗೆ ಬಂದೆವು, ಬೈಕನ್ನು ಇನ್ನೊಬ್ಬರು ತಂದುಕೊಟ್ಟರು. ಡಾಕ್ಟರು ಶೈಲಾಳ ಭುಜಕ್ಕೆ ಪಟ್ಟಿ ಸುತ್ತಿ, ತಲೆಗೇನೂ ಆಗಿಲ್ಲ ಅಂದರು. ಆಸ್ಪತ್ರೆಯಿಂದಲೇ ತಮ್ಮ ಕೊಟ್ರೇಶನಿಗೆ ಫೋನ್ ಮಾಡಿದೆ.

"ಮೊದ್ಲು ಆ ಕಲ್ಲು ತಗೀಲೇ."

"ನಿನಗೇನ್ ಹುಚ್ಚು ಹಿಡದೈತೇನಣ್ಣಾ? ಕಲ್ಲು ತಗದ್ರ ಕಾಳಿನ ಮ್ಯಾಲೆ ಗಾಡಿ ಹತ್ತಸ್ತಾರ. ಎಲ್ಡು ದಿನ ತಡಿ, ಒಣಗ್ಲಿ."

ಬೈಕ್ ಮುಟ್ಟಲು ಧೈರ್ಯವಾಗಲಿಲ್ಲ. ಶೈಲಾಳನ್ನು ಅವಳ ತಂಗಿಗೆ ಒಪ್ಪಿಸಿ ಆಟೋ ಹತ್ತಿದೆ. ಹೋಗಿ ಒಂದೊಂದೇ ಕಲ್ಲೆತ್ತಿ ಹೊಲದೊಳಗೆ ಎಸೆದೆ. ಕೊಟ್ರೇಶ ಬೈಯುತ್ತಲೇ ಇದ್ದ.

ದೂರದ ಘಾಟಿಗೆ ಹೆದರಿ ಹೆಲ್ಮೆಟ್ ಹಾಕುವ ನಾವು, ನಮ್ಮೂರ ರಸ್ತೆಯಲ್ಲಿ ಬೇರೆಯವರ ತಲೆಗೆ ಕಲ್ಲಿಟ್ಟು ಹೋಗಿರುತ್ತೇವೆ.

ಆರು ದಿನ ಆ ಕಲ್ಲು ಅಲ್ಲೇ ಇದ್ದವಲ್ಲ, ಅಷ್ಟರಲ್ಲಿ ಯಾರಾದರೂ ಬಿದ್ದರಾ ಅಂತ ಕೊಟ್ರೇಶನನ್ನು ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.