ಹೋಗಲೊಂದು ತಂತಿ, ಬರಲೊಂದು ತಂತಿ

ಬೆಳಗಿನ ಐದೂಮುಕ್ಕಾಲು. ದಡಕ್ಕೆ ಕಟ್ಟಿದ ಉಕ್ಕಿನ ದೋಣಿಯ ತಳದಲ್ಲಿ ಒಬ್ಬ ಹೆಂಗಸು ಮಗ್ಗುಲಾಗಿ ಮಲಗಿದ್ದಾರೆ. ಸೊಂಟದಿಂದ ಮೇಲೆ ಎಂಜಿನ್ನಿನ ಹಿಂದಿನ ಸಂದಿಯೊಳಗೆ. ಹೊರಗೆ ಕಾಣುವುದು ಎರಡು ಕಾಲು, ಒಂದು ಚಪ್ಪಲಿ. ಒಂದು ಕೈ ಹೊರಗೆ ಬಂದು ಬೆರಳಾಡಿಸುತ್ತದೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಕರೆಂಟು ಅಳೆಯುವ ಮೀಟರ್ ಕೊಡುತ್ತೇನೆ. ಕೈ ಅದನ್ನು ವಾಪಸು ಕೊಡುತ್ತದೆ.

"ಅದಲ್ಲಮ್ಮ. ಬಟ್ಟೆ. ಬೆವರು ಕಣ್ಣಿಗಿಳೀತಿದೆ."

ದಡದಲ್ಲಿ ಎಲ್ಲರಿಗೂ ಅವರು ವೈರಕ್ಕ. ವಯಸ್ಸು ನಲವತ್ತೊಂಬತ್ತು. ಇಲ್ಲಿನ ದೋಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ದೀಪ ಹಾಕಿದವರು ಅವರೇ. ತಂತಿ ಹಲಗೆಯ ಹಿಂದೆ ಇರುವುದರಿಂದ ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಟರಿಯ ಆಸಿಡ್ ಬಿದ್ದು ಅವರ ಅಂಗಿಗಳಲ್ಲೆಲ್ಲ ಹೊಟ್ಟೆಯ ಬಳಿ ಸಾಸಿವೆ ಗಾತ್ರದ ತೂತುಗಳಿವೆ.

ಇವತ್ತಿನ ದೋಣಿ ಸ್ವಂತ ತಮ್ಮನದು. ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಏಳೂವರೆಗೆ ತಮ್ಮ ಬಂದು ಪರೀಕ್ಷಿಸುತ್ತಾನೆ. ಒಪ್ಪಿಗೆಯಾದರೆ ಎಂಟಕ್ಕೆ ದೋಣಿ ಹೊರಡುತ್ತದೆ. ಇಲ್ಲದಿದ್ದರೆ ತಂತಿಯನ್ನೆಲ್ಲ ಕಿತ್ತು ಪೇಟೆಯ ಅಂಗಡಿಯವರಿಂದ ಹಾಕಿಸುತ್ತೇನೆಂದು ಮೊದಲೇ ಹೇಳಿದ್ದಾನೆ. ಹಾಗೆ ಹೇಳಲು ಕಾರಣವಿದೆ.

ವೈರಕ್ಕ ಕೆಲಸ ಕಲಿತದ್ದು ತಂದೆಯ ಲಾರಿ ಗ್ಯಾರೇಜಿನಲ್ಲಿ. ಲಾರಿಯ ದೀಪಕ್ಕೆ ಒಂದೇ ತಂತಿ. ಕರೆಂಟು ತಂತಿಯಲ್ಲಿ ಹೋಗುತ್ತದೆ, ಲಾರಿಯ ಕಬ್ಬಿಣದ ಮೈಯಲ್ಲಿ ಬ್ಯಾಟರಿಗೆ ಮರಳುತ್ತದೆ. ಹದಿನೇಳು ವರ್ಷದ ಹಿಂದೆ ತಮ್ಮ ಮೊದಲ ದೋಣಿ ಮಾಡಿಸಿದಾಗ ಅವರು ಅದನ್ನೇ ಮಾಡಿದರು. ಉಕ್ಕಿನ ಮೈ ಇದೆಯಲ್ಲ, ಇನ್ನೊಂದು ತಂತಿ ಯಾಕೆ ದಂಡಕ್ಕೆ. ದೀಪಗಳು ಚೆನ್ನಾಗಿಯೇ ಉರಿದವು.

"ಲಾರಿ ಕೆಳಗೆ ಉಪ್ಪುನೀರು ಇರಲ್ಲ. ಅಷ್ಟು ನನ್ನ ತಲೆಗೆ ಹೊಳೀಲಿಲ್ಲ," ಎನ್ನುತ್ತಾರೆ.

ಮೈಗೆ ಬಿಟ್ಟ ಕರೆಂಟು ಒಂದಿಷ್ಟು ನೀರಿಗಿಳಿಯಿತು. ಇಳಿಯುವಾಗ ಲೋಹವನ್ನು ತಿಂದುಕೊಂಡು ಹೋಯಿತು. ಹದಿನಾಲ್ಕನೇ ತಿಂಗಳಿಗೆ ಸಮುದ್ರದ ನಡುವೆ ಚುಕ್ಕಾಣಿಯ ಪಿನ್ನು ಮುರಿಯಿತು. ತಮ್ಮ ಮತ್ತು ಇನ್ನು ನಾಲ್ವರು ಮೂವತ್ತೊಂದು ಗಂಟೆ ತೇಲಿದರು. ಐವರೂ ಬದುಕಿ ಬಂದರು. ಹೆಬ್ಬೆರಳು ದಪ್ಪದ ಪಿನ್ನು ಪೆನ್ಸಿಲ್ಲಿನಷ್ಟಾಗಿತ್ತು. ತಮ್ಮ ಅದರ ತುಂಡನ್ನು ತಂದು ಅಕ್ಕನ ಅಡುಗೆಮನೆಯ ಮೇಜಿನ ಮೇಲಿಟ್ಟ. ಇಟ್ಟು ಹೊರಟುಹೋದ.

"ಜಗಳ ಆಡಿದ್ರೆ ಮುಗಿದು ಹೋಗ್ತಿತ್ತು. ಬರ್ತಾನೆ, ಊಟ ಮಾಡ್ತಾನೆ, ಭಾವನ ಜೊತೆ ಹರಟೆ ಹೊಡೀತಾನೆ. ವೈರ್ ಮಾತು ಬಂತೋ, ಕೈ ತೊಳೆಯೋಕೆ ಎದ್ದು ಹೋಗ್ತಾನೆ. ಅರ್ಧ ಊಟದಲ್ಲಿ."

ಆ ವರ್ಷವೇ ಅವರು ಹಡಗು ದುರಸ್ತಿಯ ಅಂಗಳದಲ್ಲಿ ಸಹಾಯಕಿಯಾಗಿ ಸೇರಿ ಎರಡು ವರ್ಷ ಮೊದಲಿನಿಂದ ಕಲಿತರು. ಆಮೇಲೆ ಈವರೆಗೆ ಇನ್ನೂರ ಹನ್ನೆರಡು ದೋಣಿ. ದಿನಕ್ಕೆ ಒಂಬತ್ತು ಗಂಟೆ, ಅದರಲ್ಲಿ ಆರು ಗಂಟೆ ಮಲಗಿ ಅಥವಾ ಮಂಡಿಯೂರಿ.

ಈ ದೋಣಿಗೆ ಇಪ್ಪತ್ತನಾಲ್ಕು ವೋಲ್ಟ್ ಏಕೆ ಆರಿಸಿದಿರಿ ಎಂದು ಕೇಳುತ್ತೇನೆ. ಸಂದಿಯಿಂದ ಹೊರಬಂದು, ಚಾಕ್‌ಪೀಸಿನಿಂದ ನೆಲದ ಮೇಲೆ ಗೀಚುತ್ತ ಹೇಳುತ್ತಾರೆ.

"ಎಂಟು ಎಲ್‌ಇಡಿ ದೀಪ, ಒಟ್ಟು ನೂರ ಅರವತ್ತು ವ್ಯಾಟ್. ಹನ್ನೆರಡು ವೋಲ್ಟಲ್ಲಿ ಹದಿಮೂರು ಆಂಪ್ ಎಳೆಯುತ್ತೆ, ಇಪ್ಪತ್ನಾಲ್ಕಲ್ಲಿ ಏಳೂ ಇಲ್ಲ. ಕರೆಂಟು ಕಮ್ಮಿಯಾದ್ರೆ ದಾರೀಲಿ ಕಳ್ಕೊಳ್ಳೋದೂ ಕಮ್ಮಿ. ಬ್ಯಾಟರಿಯಿಂದ ಕಂಬಕ್ಕೆ ಹದಿನಾಲ್ಕು ಮೀಟರ್. ಜನ ಹದಿನಾಲ್ಕು ಅಂತಲೇ ಲೆಕ್ಕ ಹಿಡೀತಾರೆ. ಹೋದದ್ದು ವಾಪಸ್ ಮನೆಗೆ ಬರಬೇಡ್ವಾ? ಇಪ್ಪತ್ತೆಂಟು. ಅಷ್ಟುದ್ದಕ್ಕೆ ತೆಳು ತಂತಿ ಹಾಕಿ ಹನ್ನೆರಡು ವೋಲ್ಟ್ ಕೊಟ್ರೆ ತುದೀಲಿ ಹತ್ತು ಸಿಗುತ್ತೆ. ಆಮೇಲೆ ಬಲ್ಬನ್ನ ಬೈತಾರೆ. ಪಾಪ, ಅದೇನ್ಮಾಡುತ್ತೆ."

ದೀಪಗಳು ಮೂವತ್ತು ವೋಲ್ಟಿನವರೆಗೆ ತಡೆಯುವಂಥವು. ಎಂಜಿನ್ ಓಡುವಾಗ ಇಪ್ಪತ್ತನಾಲ್ಕು ಇಪ್ಪತ್ತೆಂಟಾಗುತ್ತದೆ. ತಂತಿ ತವರ ಬಳಿದ ತಾಮ್ರದ್ದು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ. ಪ್ರತಿ ದೀಪಕ್ಕೂ ಎರಡು ತಂತಿ: ಹೋಗಲು ಕೆಂಪು, ಬರಲು ಹಳದಿ. ಎಂಜಿನ್ ಕೂಡ ಮೈಗೆ ಕರೆಂಟು ಬಿಡದ ಬಗೆಯದು. ನಿನ್ನೆ ಸಂಜೆ ಆರಕ್ಕೆ ಎಲ್ಲವನ್ನೂ ಅಳೆದು ನೋಡಿ ಮನೆಗೆ ಹೋಗಿದ್ದಾರೆ. ಬೆಳಗ್ಗೆ ಬಂದದ್ದು ಎಂಜಿನ್ನಿನ ಹಿಂದಿನ ತಂತಿಗಳನ್ನು ಬಿಗಿದು ಕಟ್ಟಲಷ್ಟೇ.

ಏಳೂವರೆಗೆ ಐದು ನಿಮಿಷವಿರುವಾಗ ತಮ್ಮ ಬರುತ್ತಾನೆ. ಕೈಯಲ್ಲಿ ಒಂದು ಬಲ್ಬು, ಅದಕ್ಕೆ ಎರಡು ಉದ್ದ ತಂತಿ. ಒಂದು ತುದಿ ಬ್ಯಾಟರಿಗೆ, ಇನ್ನೊಂದು ದೋಣಿಯ ಮೈಗೆ. ಬಲ್ಬು ಹೊತ್ತಿದರೆ ಎಲ್ಲೋ ಮೈಗೂ ತಂತಿಗೂ ನಂಟಿದೆ ಎಂದರ್ಥ. ದೀಪಗಳಿಗೆ ಎಂಟು, ಪಂಪು ಮುಂತಾದವಕ್ಕೆ ನಾಲ್ಕು, ಒಟ್ಟು ಹನ್ನೆರಡು ಸ್ವಿಚ್ಚುಗಳಿವೆ, ಒಂದೊಂದನ್ನೇ ಹಾಕಿ ನೋಡಬೇಕು.

"ಮೊದಲು ಬಲ್ಬ್ ಸತ್ತಿಲ್ಲ ಅಂತ ನೋಡ್ಕೋ. ಆಮೇಲೆ ಅಕ್ಕ ಕೆಟ್ಟ ಬಲ್ಬ್ ಇಟ್ಟು ಮೋಸ ಮಾಡಿದ್ಲು ಅನ್ಬೇಡ."

"ಬಲ್ಬ್ ನಂದು."

"ಅದಕ್ಕೇ ಹೇಳಿದ್ದು."

ಅವನು ಬಣ್ಣ ಕೆರೆದು ಮೈಗೆ ತುದಿ ತಾಗಿಸುತ್ತಾನೆ. ಒಂದು ಸ್ವಿಚ್ಚೂ ಹಾಕಿಲ್ಲ. ಬಲ್ಬು ಝಗ್ಗೆಂದು ಹೊತ್ತುತ್ತದೆ.

ಪೇಟೆಯ ಅಂಗಡಿಗೆ ಕರೆ ಮಾಡಲು ತಮ್ಮ ಜೇಬಿನಿಂದ ಫೋನ್ ತೆಗೆಯುತ್ತಾನೆ.

"ಹತ್ತು ನಿಮಿಷ ಕೊಡು," ಎನ್ನುತ್ತಾರೆ ವೈರಕ್ಕ. "ಬಲ್ಬ್ ಹಿಡ್ಕೊಂಡೇ ಇರು."

ಅವರು ಬ್ಯಾಟರಿಗೆ ಮರಳುವ ಹಳದಿ ತಂತಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಹನ್ನೆರಡೂ ಬಿಚ್ಚಿದ್ದಾಯಿತು. ಬಲ್ಬು ಉರಿಯುತ್ತಲೇ ಇದೆ. ಅವುಗಳ ಹಿಂದೆ ಹದಿಮೂರನೆಯದೊಂದಿದೆ, ಕಪ್ಪು. ಅದನ್ನು ಬಿಚ್ಚುತ್ತಾರೆ. ಬಲ್ಬು ಆರುತ್ತದೆ.

"ಇದು ನಂದಲ್ಲ," ಎನ್ನುತ್ತಾರೆ.

ತಮ್ಮ ಬಲ್ಬನ್ನೇ ನೋಡುತ್ತಾನೆ. "ಅದು ಟೇಪ್‌ರೆಕಾರ್ಡರ್‌ದು. ಹಳೇ ಲಾರೀದು. ರಾತ್ರಿ ನಾನೇ ಹಾಕ್ದೆ. ಎರಡು ತಂತೀನೇ ಹಾಕಿದೀನಿ ಕಣೇ."

"ತಂತಿ ಎರಡಿದೆ. ಡಬ್ಬಾನ ಯಾವುದಕ್ಕೆ ಸ್ಕ್ರೂ ಹೊಡೆದೆ?"

ಲಾರಿಗೆಂದು ಮಾಡಿದ ಪೆಟ್ಟಿಗೆಯ ಲೋಹದ ಹೊದಿಕೆಯೇ ಮೈನಸ್ಸಿಗೆ ಸೇರಿರುತ್ತದೆ. ಅವನು ಅದನ್ನು ನೇರವಾಗಿ ಉಕ್ಕಿನ ಗೋಡೆಗೆ ಬಿಗಿದಿದ್ದಾನೆ. ವೈರಕ್ಕ ಸ್ಕ್ರೂ ಬಿಚ್ಚಿ, ಪೆಟ್ಟಿಗೆಯ ಹಿಂದೆ ಮರದ ತುಂಡು ಕೊಟ್ಟು, ಅದನ್ನು ಮರಕ್ಕಷ್ಟೇ ಬಿಗಿಯುತ್ತಾರೆ. ಬಿಚ್ಚಿದ ತಂತಿಗಳನ್ನು ಮತ್ತೆ ಸೇರಿಸುತ್ತಾರೆ. ಬೈಯುವುದಿಲ್ಲ, ನಗುವುದೂ ಇಲ್ಲ.

"ಹಾಡೋ ಡಬ್ಬ ತಾನೇ, ಅದರಿಂದ ಏನಾಗುತ್ತೆ ಅಂದ್ಕೊಂಡೆ," ಎನ್ನುತ್ತಾನೆ ತಮ್ಮ.

"ನಾನೂ ಹಾಗೇ ಅಂದ್ಕೊಂಡಿದ್ದೆ."

ಅವನು ಮೊದಲ ಸ್ವಿಚ್ಚು ಹಾಕಿ ಬಲ್ಬು ಹಿಡಿಯುತ್ತಾನೆ. ಹೊತ್ತುವುದಿಲ್ಲ. ತಂತಿ ಸುತ್ತಲು ಶುರು ಮಾಡುತ್ತಾನೆ.

"ಇನ್ನೂ ಹನ್ನೊಂದಿದೆ," ಎನ್ನುತ್ತಾರೆ ವೈರಕ್ಕ.

"ನೀನು ನೋಡಿದೀಯಲ್ಲ. ಸಾಕು ಬಿಡು."

"ಸಾಕಾಗಲ್ಲ. ಹಿಡಿ."

ಅವನು ಹಿಡಿಯುತ್ತಾನೆ. ಹನ್ನೊಂದು ಸಲವೂ ಬಲ್ಬು ಕತ್ತಲಾಗಿಯೇ ಇರುತ್ತದೆ. ದೋಣಿ ಇಪ್ಪತ್ತೈದು ನಿಮಿಷ ತಡವಾಗಿ ಹೊರಡುತ್ತದೆ. ಅಷ್ಟು ಹಟ ಏಕೆ, ಅವನೇ ಒಪ್ಪಿಕೊಂಡನಲ್ಲ ಎಂದು ಕೇಳುತ್ತೇನೆ. ವೈರಕ್ಕ ಮಂಡಿಯ ಧೂಳು ಕೊಡವಿಕೊಳ್ಳುತ್ತಾರೆ.

"ಅಕ್ಕ ನೋಡಿದಾಳೆ ಅಂತ ಹೋದ ಸಲಾನೂ ಹೋಗಿದ್ದ. ಈ ಸಲ ಅವನೇ ನೋಡ್ಕೊಂಡು ಹೋಗ್ಲಿ."